ನಂಜನಗೂಡು ಕೇಳಿದ ಕಿವಿ ಡಾಕರ್‌ನಲ್ಲಿ

ಮೂರು ಪುಸ್ತಕಗಳ ಸುದ್ದಿ ಹೇಳುತ್ತೇನೆ, ಕೇಳಿ. ಮೊದಲನೆಯದು ನಂಜನಗೂಡು ಸೀಮೆಯ ಆಡುಗನ್ನಡದ ವರ್ಣನೆ. 1968ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂದದ್ದು. ಎರಡನೆಯದು ದ್ರಾವಿಡ ಭಾಷೆಗಳಿಗೂ ಆಫ್ರಿಕದ ಭಾಷೆಗಳಿಗೂ ಇರಬಹುದಾದ ನಂಟನ್ನು ಹುಡುಕುವ ದಿಟ್ಟ ಗ್ರಂಥ, 1983ರದು. ಮೂರನೆಯದು ಆರು ಸಂಪುಟಗಳ, ಮೂರು ಸಾವಿರಕ್ಕೂ ಹೆಚ್ಚು ಪುಟಗಳ ತುಳು ನಿಘಂಟು. ಒಂದು ಕಪಿಲಾ ದಂಡೆಯದು, ಒಂದು ಅಟ್ಲಾಂಟಿಕ್ ಕರೆಯದು, ಇನ್ನೊಂದು ಅರಬ್ಬಿ ಕಡಲ ತಡಿಯದು. ಮೂರರ ಮೇಲೂ ಇರುವುದು ಒಂದೇ ಹೆಸರು: ಯು.ಪಿ. ಉಪಾಧ್ಯಾಯ!

ಉಳಿಯಾರು ಪದ್ಮನಾಭ ಉಪಾಧ್ಯಾಯ. 1932ರಲ್ಲಿ ಕಾಪು ಬಳಿಯ ಮಜೂರಿನಲ್ಲಿ ಹುಟ್ಟಿದವರು. ತುಳುನಾಡಿನಲ್ಲಿ ಅವರ ಹೆಸರು ಕೇಳದವರು ಕಡಿಮೆ. ನಿಘಂಟಿನ ಉಪಾಧ್ಯಾಯರೆಂದೇ ಅವರನ್ನು ಬಲ್ಲರು. ಆದರೆ ಇದೇ ಮನುಷ್ಯ ಮೈಸೂರಿನಲ್ಲಿ ಕನ್ನಡದ ಧ್ವನಿಗಳನ್ನು ಒಂದೊಂದಾಗಿ ಬಿಡಿಸಿಟ್ಟು, ಅಲ್ಲಿಂದ ಪಶ್ಚಿಮ ಆಫ್ರಿಕದ ಸೆನೆಗಲ್‌ಗೆ ಹೋಗಿ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ನುಡಿಗಳಿಗೆ ಕಿವಿಗೊಟ್ಟು ಕೂತಿದ್ದರು ಎನ್ನುವುದು ಮೈಸೂರಿನಲ್ಲೇ ಎಷ್ಟು ಜನಕ್ಕೆ ಗೊತ್ತು?

ಮಾನಸಗಂಗೋತ್ರಿಯ ದಿನಗಳು

1969ರ ಜುಲೈ 17ರಂದು ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಶುರುವಾಯಿತು. ಸ್ಥಾಪಕ ನಿರ್ದೇಶಕರು ಒಡಿಶಾದ ದೇಬಿ ಪ್ರಸನ್ನ ಪಟ್ಟನಾಯಕ್. ಇಡೀ ದೇಶದ ಭಾಷೆಗಳಿಗೆಂದು ಕೇಂದ್ರ ಸರ್ಕಾರ ಕಟ್ಟಿದ ಸಂಸ್ಥೆಗೆ ದೆಹಲಿಯಲ್ಲ, ಕಲ್ಕತ್ತೆಯಲ್ಲ, ನಮ್ಮ ಮೈಸೂರಿನ ಮಾನಸಗಂಗೋತ್ರಿ ನೆಲೆಯಾಯಿತು! ಅದರ ಬೆನ್ನಲ್ಲೇ ಬಂದದ್ದು ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ. ಬಿಹಾರದ್ದೋ ಪಂಜಾಬಿನದ್ದೋ ಶಾಲಾ ಮೇಷ್ಟ್ರು ಇಲ್ಲಿ ಬಂದು ಹತ್ತು ತಿಂಗಳು ಕೂತು ಕನ್ನಡ, ತಮಿಳು, ತೆಲುಗು, ಮಲಯಾಳಂಗಳಲ್ಲಿ ಒಂದನ್ನು ಕಲಿತು ಹೋಗಬೇಕು, ಊರಿಗೆ ಮರಳಿ ಮಕ್ಕಳಿಗೆ ಕಲಿಸಬೇಕು. ಇದು ತ್ರಿಭಾಷಾ ಸೂತ್ರದ ದೊಡ್ಡ ಕನಸು. ಉಪಾಧ್ಯಾಯರು ದುಡಿದದ್ದು ಈ ಕೇಂದ್ರದಲ್ಲಿ.

ಕನ್ನಡ ಬಾರದವನಿಗೆ ಕನ್ನಡ ಕಲಿಸಲು ಹೊರಟರೆ ಮೊದಲು ಎದುರಾಗುವುದು ನಮ್ಮದೇ ಕುರುಡು. ‘ಳ’ ಹೇಳುವಾಗ ನಾಲಗೆ ಎಲ್ಲಿಗೆ ಹೋಗುತ್ತದೆ? ‘ಅಕ್ಕ’ ಎನ್ನುವಾಗ ಉಸಿರು ಎಷ್ಟು ಹೊತ್ತು ತಡೆಯುತ್ತದೆ? ಹುಟ್ಟಿನಿಂದ ಆಡಿದವರಿಗೆ ಇದು ಹೊಳೆಯುವುದೇ ಇಲ್ಲ. 1972ರಲ್ಲಿ ಸಂಸ್ಥಾನ ಪ್ರಕಟಿಸಿದ, ಕನ್ನಡದ ಧ್ವನಿಗಳನ್ನು ಪರಿಚಯಿಸುವ ಉಪಾಧ್ಯಾಯರ ಪುಸ್ತಕ ಮಾಡುವುದು ಇದನ್ನೇ. ತುಟಿ, ಹಲ್ಲು, ಅಂಗುಳು, ಗಂಟಲು, ಉಸಿರು — ಕನ್ನಡ ಹುಟ್ಟುವ ಜಾಗಗಳ ನಕಾಶೆ ಅದು. ಹೊರಗಿನವನ ಕಿವಿಯಿಂದ ತನ್ನ ನುಡಿಯನ್ನೇ ಕೇಳಬಲ್ಲವನು ಮುಂದೆ ಯಾವ ನುಡಿಗೆ ತಾನೇ ಬೆದರುತ್ತಾನೆ!

ಆ ಹೊತ್ತಿಗಾಗಲೇ ಅವರ ಕಿವಿ ಹಳ್ಳಿಗಳಲ್ಲಿ ಪಳಗಿತ್ತು. ಮೈಸೂರಿನಿಂದ 25 ಕಿಲೋಮೀಟರ್ ಆಸುಪಾಸಿನ ನಂಜನಗೂಡು ನಮಗೆ ಶ್ರೀಕಂಠೇಶ್ವರ, ರಸಬಾಳೆ, ಹಲ್ಲುಪುಡಿಗೆ ಹೆಸರಾದ ಊರು. ಉಪಾಧ್ಯಾಯರಿಗೆ ಅದು ಬಾಯಿಮಾತಿನ ಗಣಿ! ಬಳ್ಳಾರಿ, ಗುಲ್ಬರ್ಗ, ಕುಮಟಾ, ನಂಜನಗೂಡು, ಹೀಗೆ ನಾಲ್ಕು ದಿಕ್ಕಿನ ನಾಲ್ಕು ಕನ್ನಡಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದ ಅವರ ಅಧ್ಯಯನವನ್ನು ಮೈಸೂರು ವಿಶ್ವವಿದ್ಯಾಲಯದ ಪ್ರಸಾರಾಂಗ 1976ರಲ್ಲಿ ಪ್ರಕಟಿಸಿತು. ಕೊಡಗಿನ ಕಾಡುಗಳ ಜೇನುಕುರುಬರ ನುಡಿಯನ್ನೂ ಅವರು ಬರೆದಿಟ್ಟರು. ಕುರುಬರ ನುಡಿ ತಾನಾಗಿಯೇ ಒಂದು ದ್ರಾವಿಡ ಭಾಷೆ ಎಂದು 1970ರ ದಶಕದ ಮೊದಲಲ್ಲೇ ವಾದ ಮಂಡಿಸಿದರು.

ಈ ಕೆಲಸದ ಸೋಜಿಗ ಎಂಥದ್ದು ಎನ್ನುವುದಕ್ಕೆ ಒಂದೇ ಪ್ರಾಣಿ ಸಾಕು. ತುಳುವಿನಲ್ಲಿ ‘ಪಿಲಿ’. ಕನ್ನಡದ ಬರಹದಲ್ಲಿ ‘ಹುಲಿ’. ಹಳೇ ಮೈಸೂರಿನ ಹಳ್ಳಿಯ ಬಾಯಲ್ಲಿ ‘ಉಲಿ’. ಪ, ಹ, ಆಮೇಲೆ ಏನೂ ಇಲ್ಲ! ಹಳಗನ್ನಡದ ‘ಪಾಲ್’ ಹಾಲಾಗಿ, ಹಳ್ಳಿಯಲ್ಲಿ ‘ಆಲು’ ಆದದ್ದೂ ಇದೇ ದಾರಿಯಲ್ಲಿ. ಸಾವಿರ ವರ್ಷದಲ್ಲಿ ಒಂದು ಧ್ವನಿ ನಡೆದ ದಾರಿಯ ಮೂರೂ ಮೆಟ್ಟಿಲು ಒಂದೇ ರಾಜ್ಯದಲ್ಲಿ ಇವತ್ತಿಗೂ ಜೀವಂತವಾಗಿವೆ. ಮನೆಯಲ್ಲಿ ‘ಪಿಲಿ’ ಕೇಳಿ, ಶಾಲೆಯಲ್ಲಿ ‘ಹುಲಿ’ ಓದಿ, ನಂಜನಗೂಡಿನ ಕಡೆ ‘ಉಲಿ’ ಬರೆದುಕೊಂಡವರಿಗೆ ಭಾಷೆ ಎನ್ನುವುದು ನಿಂತ ನೀರಲ್ಲ ಎಂದು ಯಾರೂ ಪಾಠ ಮಾಡಬೇಕಾಗಿಲ್ಲ.

ವ್ಯಾಕರಣ ಬಲ್ಲ ರಾಷ್ಟ್ರಪತಿ

ಈಗ ಸಮುದ್ರ ದಾಟೋಣ. ಆಫ್ರಿಕ ಖಂಡದ ನೆಲ ಪಶ್ಚಿಮಕ್ಕೆ ಮೂಗು ಚಾಚಿ ಮುಗಿಯುವ ತುದಿಯಲ್ಲಿದೆ ಡಾಕರ್ ನಗರ. 1960ರಲ್ಲಿ ಸ್ವತಂತ್ರವಾದ ಸೆನೆಗಲ್‌ನ ರಾಜಧಾನಿ. ಮೊದಲ ರಾಷ್ಟ್ರಪತಿ ಲಿಯೊಪೋಲ್ಡ್ ಸೆಡಾರ್ ಸೆಂಗೋರ್. ಫ್ರೆಂಚ್‌ನಲ್ಲಿ ಬರೆದ ಮಹಾಕವಿ, ಕರಿಯ ಜನರ ಆತ್ಮಗೌರವದ ನೆಗ್ರಿಟ್ಯೂಡ್ ಚಳವಳಿಯ ಹಿರಿಯ. ಇಷ್ಟು ಹಲವರಿಗೆ ಗೊತ್ತು. ಬೆರಗಿನ ಸಂಗತಿ ಬೇರೆ ಇದೆ: ಆತ ಭಾಷಾವಿಜ್ಞಾನಿ ಕೂಡ! ರಾಜಕೀಯಕ್ಕೆ ಇಳಿಯುವ ಮೊದಲು, 1940ರ ದಶಕದಲ್ಲಿ, ಸೆನೆಗಲ್‌ನ ವೊಲೊಫ್ ಭಾಷೆಯ ನಾಮಪದಗಳ ವರ್ಗಗಳ ಮೇಲೆ, ತನ್ನ ತಾಯ್ನುಡಿ ಸೆರೆರ್‌ನ ಸ್ವರಗಳ ಮೇಲೆ ಲೇಖನ ಬರೆದವರು. ದೇಶ ಆಳುವಾತ ವ್ಯಾಕರಣವನ್ನೂ ಬಲ್ಲವನು ಎನ್ನುವುದು ಕವಿರಾಜಮಾರ್ಗದ ನಾಡಿನವರಿಗೆ ಖುಷಿ ಕೊಡುವ ಮಾತಲ್ಲವೇ?

ಈ ರಾಷ್ಟ್ರಪತಿಗೆ ದ್ರಾವಿಡ ಭಾಷೆಗಳ ಹುಚ್ಚು. 1974ರಲ್ಲಿ ಮದ್ರಾಸಿಗೆ ಬಂದು, ಡಾಕರ್ ವಿಶ್ವವಿದ್ಯಾಲಯದಲ್ಲಿ ಭಾರತ-ಆಫ್ರಿಕ ಅಧ್ಯಯನ ವಿಭಾಗ ಏಕೆ ಬೇಕು ಎಂದು ಭಾಷಣ ಮಾಡಿದರು. ಆಫ್ರಿಕನರಿಗೂ ದ್ರಾವಿಡರಿಗೂ ಬಹು ಹಿಂದಿನ ನಂಟಿದೆ, ಅದನ್ನು ಹುಡುಕಬೇಕು ಎಂಬುದು ಅವರ ಹಂಬಲ. ಆ ವಿಚಾರ ಪೂರ್ತಿ ಹೊಸದೇನಲ್ಲ. ಫ್ರಾನ್ಸಿನ ಆಫ್ರಿಕ ಭಾಷಾತಜ್ಞೆ ಲಿಲಿಯಾಸ್ ಹೊಂಬರ್ಗರ್ ಅದಕ್ಕೂ ಮೊದಲೇ ಅಂಥ ಹೋಲಿಕೆ ಮಾಡಿದ್ದರು. ಆದರೆ ಹೊರಗಿನಿಂದ ನಿಘಂಟು ತಿರುವಿ ಹೋಲಿಸುವುದು ಬೇರೆ, ದ್ರಾವಿಡ ನುಡಿಗಳನ್ನು ತಾಯಿಹಾಲಿನಂತೆ ಕುಡಿದು ಬೆಳೆದವರು ಬಂದು ಕೇಳುವುದು ಬೇರೆ.

ಹಾಗೆ ಬಂದವರು ಉಪಾಧ್ಯಾಯ ದಂಪತಿ! 1970ರ ದಶಕದಲ್ಲಿ ಯು.ಪಿ. ಉಪಾಧ್ಯಾಯ ಮತ್ತು ಪತ್ನಿ ಸುಶೀಲಾ ಉಪಾಧ್ಯಾಯ ಡಾಕರ್‌ನಲ್ಲಿ ಇದ್ದರು. ಸುಶೀಲಾ ಅವರೂ ಭಾಷಾವಿಜ್ಞಾನಿ. ಮಾಪಿಳ್ಳೆ ಮಲಯಾಳಂ ಅಧ್ಯಯನ ಮಾಡಿದವರು. ತಮಿಳಿನ ಕೆ.ಪಿ. ಅರವಾಣನ್ ಕೂಡ ಅದೇ ಊರಿನಲ್ಲಿ ಅದೇ ಜಾಡಿನಲ್ಲಿ ದುಡಿದವರು. ಇವರ ಲೇಖನಗಳು ಅಚ್ಚಾದದ್ದು ಕರಿಯ ಆಫ್ರಿಕದ ಅಧ್ಯಯನಕ್ಕೆಂದೇ ಡಾಕರ್‌ನಲ್ಲಿದ್ದ ‘ಇಫಾನ್’ ಸಂಸ್ಥೆಯ ಪತ್ರಿಕೆಯಲ್ಲಿ. ಈಜಿಪ್ಟಿನ ನಾಗರಿಕತೆ ಆಫ್ರಿಕನರದ್ದೇ ಎಂದು ಜಗತ್ತಿನೊಡನೆ ಜಗಳಕ್ಕೆ ನಿಂತ ಶೇಖ್ ಅಂತಾ ಜೋಪ್ ಅದೇ ಇಫಾನ್‌ನಲ್ಲಿ ಕಾರ್ಬನ್ ಕಾಲನಿರ್ಣಯದ ಪ್ರಯೋಗಾಲಯ ನಡೆಸುತ್ತಿದ್ದರು. ಒಂದು ಖಂಡ ತನ್ನ ಚರಿತ್ರೆಯನ್ನು ತಾನೇ ಬರೆದುಕೊಳ್ಳಲು ಎದ್ದು ನಿಂತ ಕಾಲ ಅದು. ಅದರ ನಡುವೆ ಮಜೂರಿನ, ಮೈಸೂರಿನ ಉಪಾಧ್ಯಾಯರು!

ವೊಲೊಫ್ ಕೇಳಿಸಿಕೊಳ್ಳಿ

ಕನ್ನಡದ ಕಿವಿಗೆ ವೊಲೊಫ್ ಹೇಗೆ ಕೇಳಿಸುತ್ತದೆ? ಇಲ್ಲಿಂದ ಮುಂದೆ ನನಗೇ ಉಸಿರು ನಿಲ್ಲುವುದಿಲ್ಲ.

ಮೊದಲು ಒತ್ತಕ್ಷರ. ‘ಹಳಿ’ಗೂ ‘ಹಳ್ಳಿ’ಗೂ, ‘ಕತೆ’ಗೂ ‘ಕತ್ತೆ’ಗೂ ಇರುವ ಅಂತರ ನಮಗೆ ಹುಟ್ಟುಗುಣ. ವೊಲೊಫ್‌ನಲ್ಲೂ ಹಾಗೇ! ‘ದಗ್’ ಎಂದರೆ ಅರಮನೆಯ ಸೇವಕ, ‘ದಗ್ಗ್’ ಎಂದರೆ ಕತ್ತರಿಸು. ‘ಗೆಮ್’ ಎಂದರೆ ನಂಬು, ‘ಗೆಮ್ಮ್’ ಎಂದರೆ ಕಣ್ಣು ಮುಚ್ಚು. ಈ ಒತ್ತಿಗಾಗಿ ಸೆನೆಗಲ್‌ನಲ್ಲಿ ಸಿನಿಮಾ ಒಂದು ನಿಂತೇ ಹೋಯಿತು, ನಂಬುತ್ತೀರಾ? 1977ರಲ್ಲಿ ಉಸ್ಮಾನ್ ಸೆಂಬೆನ್ ‘ಸೆದ್ದೊ’ ಎಂಬ ಚಿತ್ರ ಮಾಡಿದರು. ಸರ್ಕಾರದ ಕಾಗುಣಿತದ ಪ್ರಕಾರ ಆ ಪದಕ್ಕೆ ಒಂದೇ ‘ದ’, ನೀವು ಎರಡು ಬರೆದಿದ್ದೀರಿ ಎಂದು ಸೆಂಗೋರ್ ಸರ್ಕಾರ ಪ್ರದರ್ಶನ ತಡೆಯಿತು. ಸೆಂಬೆನ್ ಒತ್ತು ಬಿಡಲು ಒಪ್ಪಲಿಲ್ಲ. ಚಿತ್ರದ ಹುರುಳು ಸರ್ಕಾರಕ್ಕೆ ಹಿಡಿಸಲಿಲ್ಲ, ಕಾಗುಣಿತ ಬರೀ ನೆಪ ಎಂದವರು ಬಹಳ ಮಂದಿ. ಇರಲಿ, ಒಂದು ಒತ್ತಕ್ಷರ ರಾಷ್ಟ್ರಮಟ್ಟದ ಜಗಳಕ್ಕೆ ನೆಪವಾಗಬಲ್ಲ ದೇಶ ಎಂದರೆ ಭಾಷಾವಿಜ್ಞಾನಿಗೆ ಅದಕ್ಕಿಂತ ಹೇಳಿ ಮಾಡಿಸಿದ ಜಾಗ ಇನ್ನೆಲ್ಲಿ ಸಿಗಬೇಕು!

ಇನ್ನು ‘ಞ’. ನಮ್ಮ ವರ್ಣಮಾಲೆಯಲ್ಲಿ ಚ-ವರ್ಗದ ಕೊನೆಗೆ ಸುಮ್ಮನೆ ಕೂತಿರುವ ಈ ಅಕ್ಷರದಿಂದ ಶುರುವಾಗುವ ಕನ್ನಡ ಪದ ಹೇಳಿ ಎಂದರೆ ತಲೆ ಕೆರೆದುಕೊಳ್ಳಬೇಕು. ವೊಲೊಫ್‌ನಲ್ಲಿ ಎಣಿಸಲು ಕೂತರೆ ಸಾಲುಗಟ್ಟಿ ಬರುತ್ತದೆ: ಬೆನ್ನ್, ಞಾರ್, ಞೆತ್ತ್, ಞೇಂತ್, ಜುರೋಮ್. ಒಂದರಿಂದ ಐದು. ಆಮೇಲೆ ಆರು? ‘ಜುರೋಮ್ ಬೆನ್ನ್’, ಅಂದರೆ ಐದು ಒಂದು. ಏಳು? ಐದು ಎರಡು. ಒಂದು ಕೈ ಮುಗಿದ ಮೇಲೆ ಇನ್ನೊಂದು ಕೈಯ ಬೆರಳು ಬಿಚ್ಚುವ ಲೆಕ್ಕ!

ಇದಕ್ಕಿಂತ ಸೊಗಸು ಇನ್ನೊಂದಿದೆ. ವೊಲೊಫ್‌ನಲ್ಲಿ ‘ಕೆರ್’ ಎಂದರೆ ಮನೆ. ಹತ್ತಿರದ ಮನೆ ‘ಕೆರ್ ಗಿ’, ದೂರದ್ದು ‘ಕೆರ್ ಗ’. ಹತ್ತಿರಕ್ಕೆ ‘ಇ’, ದೂರಕ್ಕೆ ‘ಅ’. ಈಗ ಕನ್ನಡ ನೋಡಿ: ಇದು, ಅದು, ಇಲ್ಲಿ, ಅಲ್ಲಿ, ಇವರು, ಅವರು! ಮೈ ಜುಮ್ಮೆನ್ನದೆ ಇರುತ್ತದೆಯೇ? ನಾಮಪದಗಳ ಹಿಂದೆ ಬರುವ ಈ ಪುಟ್ಟ ಪದ ಒಂದೊಂದು ಗುಂಪಿಗೆ ಒಂದೊಂದು ವ್ಯಂಜನ ಹಿಡಿಯುತ್ತದೆ: ಮನೆಗೆ ‘ಗ’, ನೀರಿಗೆ ‘ಮ’, ಮನುಷ್ಯನಿಗೆ ‘ಕ’. ಬಹುವಚನಕ್ಕೆ ಬಂದರೆ ಎರಡೇ. ಮನುಷ್ಯರು, ಗಂಡಸರು, ಹೆಂಗಸರು ಇಂಥ ಕೆಲವಕ್ಕೆ ‘ಞಿ’, ಮಿಕ್ಕ ಬಹುಪಾಲಿಗೆ ‘ಯಿ’. ಕನ್ನಡದಲ್ಲೂ ಏಕವಚನದಲ್ಲಿ ಅವನು, ಅವಳು, ಅದು ಎಂದು ಮೂರಾಗುವವು ಬಹುವಚನದಲ್ಲಿ ಅವರು, ಅವು ಎಂದು ಎರಡಕ್ಕಿಳಿದು, ಜನರನ್ನು ಬೇರೆ ನಿಲ್ಲಿಸುತ್ತವೆ!

ಪಕ್ಕದಲ್ಲೇ ಫುಲಾ ಭಾಷೆ. ಆ ಜನಾಂಗದ ಒಬ್ಬನಾದರೆ ‘ಪುಲ್ಲೊ’, ಹಲವರಾದರೆ ‘ಫುಲ್ಬೆ’. ಮೊದಲಕ್ಷರದ ‘ಪ’ ತುಟಿ ಸಡಿಲಿಸಿ ಫಕಾರವಾಗುತ್ತದೆ. ನಮ್ಮಲ್ಲಿ ಪಕಾರ ಹಕಾರವಾಗಲು ಶತಮಾನಗಳು ಬೇಕಾದವು. ಅಲ್ಲಿ ಪಕಾರ ತನ್ನ ಪಟ್ಟು ಬಿಡಲು ಒಬ್ಬ ಹೋಗಿ ಇಬ್ಬರಾದರೆ ಸಾಕು.

ನಂಟೋ, ನಂಟಿನ ಭ್ರಮೆಯೋ?

1976ರಲ್ಲಿ ಉಪಾಧ್ಯಾಯರ ಲೇಖನ ದ್ರಾವಿಡ ಭಾಷಾವಿಜ್ಞಾನದ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಇಫಾನ್ ಪತ್ರಿಕೆಯಲ್ಲಿ ಫ್ರೆಂಚ್‌ನಲ್ಲೂ ಬಂತು. 1979ರಲ್ಲಿ ಕೇರಳಕ್ಕೂ ಆಫ್ರಿಕಕ್ಕೂ ಇರುವ ಸಾಂಸ್ಕೃತಿಕ ಕೊಂಡಿಗಳ ಮೇಲೆ ದಂಪತಿ ಬರೆದರು. 1983ರ ಪುಸ್ತಕ ಇದೆಲ್ಲದರ ಒಟ್ಟು ಫಲ: ಮೂಲ, ಹರಡುವಿಕೆ, ಇತಿಹಾಸಪೂರ್ವ ಸಂಪರ್ಕ, ಎರಡೂ ಕಡೆಯ ಸಮಾನ ಸಂಸ್ಕೃತಿ, ಸಮಾನ ಭಾಷಾಸಂಪತ್ತು.

ಪಂಡಿತಲೋಕ ಒಪ್ಪಿತೇ? ಇಲ್ಲ. ಅಮೆರಿಕದ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಆಫ್ರಿಕದ ಭಾಷೆಗಳನ್ನು ನಾಲ್ಕು ದೊಡ್ಡ ಕುಲಗಳಾಗಿ ಹಂಚಿದ್ದರು. ವೊಲೊಫ್, ಫುಲಾ, ಸೆರೆರ್ ಎಲ್ಲ ಸೇರುವುದು ನೈಜರ್-ಕಾಂಗೋ ಕುಲಕ್ಕೆ. ಆ ಕುಲಕ್ಕೂ ದ್ರಾವಿಡಕ್ಕೂ ರಕ್ತಸಂಬಂಧ ಇದೆ ಎನ್ನುವುದನ್ನು ಹೆಚ್ಚಿನ ಭಾಷಾವಿಜ್ಞಾನಿಗಳು ಇಂದಿಗೂ ಒಪ್ಪುವುದಿಲ್ಲ. ಅದೇಕೆ ಎಂದು ಕೇಳಿದರೆ ಅಲ್ಲಿಯೂ ಒಂದು ಅಚ್ಚರಿ ಕಾದಿದೆ!

ಕನ್ನಡದ ‘ಕಿವಿ’ ತೆಲುಗಿನಲ್ಲಿ ‘ಚೆವಿ’. ಕನ್ನಡದ ‘ಕೆರೆ’ ತೆಲುಗಿನಲ್ಲಿ ‘ಚೆರುವು’. ಒಂದು ಕಡೆ ಕಕಾರ ಇದ್ದ ಕಡೆಯೆಲ್ಲ ಇನ್ನೊಂದು ಕಡೆ ಚಕಾರ, ಇ-ಎಗಳ ಮುಂದೆ, ಮತ್ತೆ ಮತ್ತೆ, ಕಟ್ಟುನಿಟ್ಟಾಗಿ. ಪಿಲಿ-ಹುಲಿಯ ಹಾಗೆ. ಇಂಥ ನಿಯಮ ಸಿಕ್ಕರೆ ಮಾತ್ರ ಎರಡು ಭಾಷೆಗಳು ಒಂದೇ ತಾಯಿಯ ಮಕ್ಕಳು. ಬರೀ ಹೋಲುವ ಪದಗಳು ಸಾಲವು. ಯಾವ ಎರಡು ಭಾಷೆಗಳನ್ನು ಜೋಡಿಸಿದರೂ ಹೋಲುವ ಪದಗಳು ಒಂದಷ್ಟು ಸಿಕ್ಕೇ ಸಿಗುತ್ತವೆ. ಇನ್ನು ಆ ಜುಮ್ಮೆನ್ನಿಸಿದ ‘ಇ’ ಮತ್ತು ‘ಅ’? ಹತ್ತಿರದ್ದಕ್ಕೆ ಬಾಯಿ ಕಿರಿದು ಮಾಡುವುದು, ದೂರದ್ದಕ್ಕೆ ತೆರೆಯುವುದು ಜಗತ್ತಿನ ಎಷ್ಟೋ ಭಾಷೆಗಳಲ್ಲಿದೆ, ಇಂಗ್ಲಿಷಿನ ದಿಸ್-ದ್ಯಾಟ್ ಕೂಡ ಹಾಗೇ. ಅಂದರೆ ಅದು ಎರಡು ಕುಲಗಳ ನಂಟಲ್ಲ, ಮನುಷ್ಯನ ಬಾಯಿಯದೇ ಗುಣ! ಬೆರಗು ಕರಗಿತೇ? ನನಗಂತೂ ಇಮ್ಮಡಿಯಾಯಿತು. ನಂಜನಗೂಡಿನ ರೈತ, ಡಾಕರ್‌ನ ಬೆಸ್ತ, ಲಂಡನ್ನಿನ ಗುಮಾಸ್ತ ಮೂವರೂ ಕೈತೋರಿಸುವಾಗ ಬಾಯಿಯನ್ನೂ ಜೊತೆಗೆ ಕುಣಿಸುತ್ತಾರೆ ಎಂದರೆ!

ಇನ್ನು ನಂಟೇ ಇಲ್ಲವೆಂದಲ್ಲ. ಮೈಸೂರಿನ ಮುದ್ದೆಯ ರಾಗಿಯ ತವರು ಯಾವುದು? ಪೂರ್ವ ಆಫ್ರಿಕದ ಎತ್ತರದ ನಾಡುಗಳು! ಬಯಲುಸೀಮೆಯ ಜೋಳ ಸೂಡಾನಿನ ಕಡೆಯದು. ಸಜ್ಜೆ ಪಶ್ಚಿಮ ಆಫ್ರಿಕದ್ದು, ಸೆನೆಗಲ್‌ನ ನೆರೆಯ ಮಾಲಿಯಲ್ಲಿ ನಾಲ್ಕೂವರೆ ಸಾವಿರ ವರ್ಷಗಳಷ್ಟು ಹಳೆಯ ಸಜ್ಜೆ ಸಿಕ್ಕಿದೆ. ಅಲಸಂದೆಯೂ ಅಲ್ಲಿಯದೇ. ಇವೆಲ್ಲ ಸಾವಿರಾರು ವರ್ಷಗಳ ಹಿಂದೆಯೇ ಕಡಲು ದಾಟಿ ನಮ್ಮ ಹೊಲಕ್ಕೆ ಬಂದವು. ಉಪಾಧ್ಯಾಯರು ಭಾಷೆಯಲ್ಲಿ ಹುಡುಕಿದ ಇತಿಹಾಸಪೂರ್ವದ ಸಂಪರ್ಕ ಕಾಳಿನಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ. ಜನರೂ ಬಂದರು, ಬಹಳ ತಡವಾಗಿ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳ ಹಿರಿಯರು ಆಫ್ರಿಕದವರು. ಆಡುವುದು ಕೊಂಕಣಿ, ಕನ್ನಡ. ತಂದ ನುಡಿ ಕಳೆದುಹೋಗಿದೆ. ಯಾವುದು ಕಡಲು ದಾಟಿ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎನ್ನುವುದಕ್ಕೆ ಕಾಳು ಒಂದು ಉತ್ತರ ಕೊಡುತ್ತದೆ, ಮಾತು ಇನ್ನೊಂದು.

ಉಡುಪಿಗೆ ಬಂದ ಮೇಲೆ

ಆಫ್ರಿಕದಿಂದ ಮರಳಿದ ವಿದ್ವಾಂಸ ಏನು ಮಾಡಬೇಕು? ದೊಡ್ಡ ವಾದ ಮಂಡಿಸಿದ್ದಾಯಿತು, ಅದನ್ನೇ ಹಿಡಿದು ಸಭೆಯಿಂದ ಸಭೆಗೆ ತಿರುಗಬಹುದಿತ್ತು. ಉಪಾಧ್ಯಾಯರು ಉಡುಪಿಯ ಎಂ.ಜಿ.ಎಂ. ಕಾಲೇಜಿನ ಅಂಗಳಕ್ಕೆ ಬಂದರು. ಅಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ತುಳು ನಿಘಂಟಿನ ಯೋಜನೆಗೆ ಪ್ರಧಾನ ಸಂಪಾದಕರಾದರು. ಮೊದಲ ಸಂಪುಟ ಬಂದದ್ದು 1988ರಲ್ಲಿ, ಆರನೆಯದು 1997ರಲ್ಲಿ!

ಆ ನಿಘಂಟನ್ನು ಬಿಚ್ಚಿ ನೋಡಬೇಕು. ಒಂದು ಪದ ಕನ್ನಡ ಲಿಪಿಯಲ್ಲಿ, ಜೊತೆಗೆ ರೋಮನ್ ಲಿಪಿಯಲ್ಲಿ. ಅರ್ಥ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ. ಅದೇ ಪದ ತುಳುನಾಡಿನ ಬೇರೆ ಬೇರೆ ಒಳನುಡಿಗಳಲ್ಲಿ ತಾಳುವ ರೂಪಗಳು. ತುಳು ಜನಪದ ಕಥನಗೀತೆಗಳಾದ ಪಾಡ್ದನಗಳಿಂದ ಆಯ್ದ ಬಳಕೆ. ಕೊನೆಗೆ ಉಳಿದ ದ್ರಾವಿಡ ಭಾಷೆಗಳಲ್ಲಿರುವ ಅದರ ಒಡಹುಟ್ಟುಗಳು. ನಂಜನಗೂಡಿನಲ್ಲಿ ಕಲಿತ ಒಳನುಡಿಯ ಎಚ್ಚರ, ಮಾನಸಗಂಗೋತ್ರಿಯಲ್ಲಿ ಕಲಿತ ಧ್ವನಿಯ ಲೆಕ್ಕ, ಬರಹಕ್ಕಿಂತ ಬಾಯಿಯೇ ದೊಡ್ಡ ಭಂಡಾರವಾಗಿದ್ದ ಪಶ್ಚಿಮ ಆಫ್ರಿಕದ ವರ್ಷಗಳು, ಎಲ್ಲ ಒಂದೇ ನಮೂದಿನಲ್ಲಿ ಕೈಕೂಡಿಸಿದ ಹಾಗೆ ನನಗೆ ಕಾಣುತ್ತದೆ. ದಂಪತಿ ಸೇರಿ ಭೂತಾರಾಧನೆಯ ರಂಗಭೂಮಿಯ ಮೇಲೆ ಪುಸ್ತಕ ಬರೆದರು. ಸುಶೀಲಾ ಅವರು ಬ್ಯಾರಿ ಭಾಷೆಗೆ ವ್ಯಾಕರಣ ಬರೆದರು. ಮಲಯಾಳದ್ದೋ ತುಳುವಿನದೋ ಎಂದು ಎರಡೂ ಕಡೆಯವರು ತಳ್ಳಾಡುತ್ತಿದ್ದ ನುಡಿಗೆ ಅದರದೇ ಆದ ಮರ್ಯಾದೆ ಬಂತು.

2020ರ ಜುಲೈಯಲ್ಲಿ, ತಮ್ಮ 88ನೆಯ ವಯಸ್ಸಿನಲ್ಲಿ, ಉಪಾಧ್ಯಾಯರು ತೀರಿಕೊಂಡರು. ಅವರ ದೊಡ್ಡ ವಾದವನ್ನು ಜಗತ್ತು ಒಪ್ಪಲಿಲ್ಲ. ಅವರ ಕಿವಿಯನ್ನು ಯಾರೂ ಅಲ್ಲಗಳೆಯಲಿಲ್ಲ. ವಾದ ಬಿದ್ದರೂ ಆ ವಾದಕ್ಕಾಗಿ ಕೇಳಿದ ವರ್ಷಗಳು ವ್ಯರ್ಥವಾಗುವುದಿಲ್ಲ ಎನ್ನುವುದಕ್ಕೆ ಆ ಆರು ಸಂಪುಟಗಳಿಗಿಂತ ಗಟ್ಟಿ ಸಾಕ್ಷಿ ಬೇಕೇ?

ಮತ್ತೆ, ಕೆಲಸ ಮುಗಿದಿಲ್ಲ! ಆಫ್ರಿಕದಲ್ಲಿ ಎರಡು ಸಾವಿರದಷ್ಟು ಭಾಷೆಗಳಿವೆ. ರಾಗಿ, ಜೋಳ, ಸಜ್ಜೆ, ಅಲಸಂದೆ ಬೆಳೆವ ಅಲ್ಲಿಯ ಒಕ್ಕಲಿಗರು ಬಿತ್ತನೆಗೆ, ಕಳೆಗೆ, ಕಣಕ್ಕೆ, ಒಕ್ಕಣೆಗೆ ಏನೆನ್ನುತ್ತಾರೆ, ನಂಜನಗೂಡಿನ ಒಕ್ಕಲಿಗರು ಏನೆನ್ನುತ್ತಾರೆ? ಹೋಲಿಕೆ ಸಿಗಬಹುದು, ಸಿಗದೆಯೂ ಇರಬಹುದು. ಕಟ್ಟುನಿಟ್ಟಿನ ನಿಯಮ ಹಿಡಿದು ಎರಡನ್ನೂ ಅಕ್ಕಪಕ್ಕ ಬರೆದಿಟ್ಟರೆ ಯಾವ ಉತ್ತರ ಬಂದರೂ ಅದು ಹೊಸದೇ. ಇದಕ್ಕೆ ಬೇಕಾದ ಭಾಷಾವಿಜ್ಞಾನದ ಸಂಸ್ಥೆ ಮೈಸೂರಿನಲ್ಲಿದೆ, ರಾಗಿಯ ಹೊಲ ಊರಾಚೆಯಲ್ಲೇ ಇದೆ, ದಾರಿ ತೋರಿದವರ ಪುಸ್ತಕಗಳೂ ಇವೆ. ಸ್ವಾಹಿಲಿಯನ್ನೋ ವೊಲೊಫನ್ನೋ ಕಲಿಯಲು ಇವತ್ತೇ ಕೂರುವ ಒಬ್ಬ ಹುಡುಗಿ, ಒಬ್ಬ ಹುಡುಗ ಸಿಕ್ಕರೆ ಸಾಕು!